ಬಚ್ಚಲ ಮೂಲೆಯ ಬೋಜದ ಮಡಕೆ

ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ನಮ್ಮ ಮನೆಯಲ್ಲಿ ಅಕ್ಕಿಬೋಜ ಇರಲೇಬೇಕು. ಅನ್ನ ಮಾಡಿ ಆರಲು ಬಿಟ್ಟು, ಅದಕ್ಕೆ ಹೆಪ್ಪಿನ ಉಂಡೆಯ ಪುಡಿ ಬೆರೆಸಿ, ಬೆಲ್ಲದ ನೀರು ಹೊಯ್ದು ಮಡಕೆಯಲ್ಲಿ ಹುಳಿಯಲು ಬಿಡುತ್ತೇವೆ. ಪೇಟೆಯ ಬಿಯರ್ ಕುಡಿದು ಅಭ್ಯಾಸ ಇರುವವರು ಮೊದಲ ಗುಟುಕಿಗೆ ಮುಖ ಕಿವುಚುತ್ತಾರೆ. ಆಮೇಲೆ ಲೋಟ ಕೆಳಗಿಡುವುದಿಲ್ಲ.

ಹೆಪ್ಪಿನ ಉಂಡೆ ಕಟ್ಟುವುದು ಅಪ್ಪನ ಕೆಲಸ. ಕಾಡಿನ ಬೇರು, ತೊಗಟೆ ಅರೆದು ಅಕ್ಕಿಹಿಟ್ಟಿನಲ್ಲಿ ಕಟ್ಟಿ ಒಣಗಿಸುತ್ತಿದ್ದ. ಯಾವ ಬೇರು ಎಂದು ಕೇಳಿದರೆ, "ನಾನೆಲ್ಲಿಗೆ ಹೋಗ್ತೀನಿ, ಕಲಿಸಿದ್ರಾತು" ಎನ್ನುತ್ತಿದ್ದ. ಆಮೇಲೊಂದು ಮಳೆಗಾಲದಲ್ಲಿ ಹೇಳದೆ ಕೇಳದೆ ತೀರಿಹೋದ. ಆ ದೀಪಾವಳಿಗೆ ಅವನು ಕಟ್ಟಿದ್ದರಲ್ಲಿ ಉಳಿದದ್ದು ಒಂದೇ ಉಂಡೆ. ಅದು ಮಡಕೆಯಲ್ಲಿ ಎದ್ದರೆ ತಳದ ಗಸಿಯನ್ನು ಹಿಟ್ಟಿಗೆ ಕಲಸಿ ಹೊಸ ಉಂಡೆ ಕಟ್ಟಿಕೊಳ್ಳಬಹುದು. ಏಳದಿದ್ದರೆ ಅಪ್ಪನ ಬೋಜ ಅಲ್ಲಿಗೆ ಮುಗಿಯಿತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅವ್ವ ಆ ಉಂಡೆ ಹಾಕಿದ ಮಡಕೆಯನ್ನು ಬಚ್ಚಲುಮನೆಯ ಮೂಲೆಯಲ್ಲಿ, ಹಂಡೆ ಒಲೆಯ ಪಕ್ಕ ಇಟ್ಟಳು. ಅಜ್ಜಿಯ ಕಾಲದಿಂದಲೂ ಬೋಜದ ಜಾಗ ಅದೇ. ಮೊದಲಿಗೆ ಸೆಕೆಯಿತ್ತು, ಮಡಕೆ ಗುಳುಗುಳು ಅನ್ನುತ್ತಿತ್ತು. ಆಮೇಲೆ ಮೋಡ ಸರಿದು ಒಮ್ಮೆಲೇ ಚಳಿ ಇಳಿಯಿತು. ಆನಂದಪುರದ ರಸ್ತೆಯಲ್ಲಿ ಬೆಳಿಗ್ಗೆ ಎದುರಿನ ಬಸ್ಸೂ ಕಾಣದಷ್ಟು ಮಂಜು. ಅವ್ವ ಮಡಕೆಗೆ ಕಿವಿಯಿಟ್ಟಳು. ಸದ್ದಿಲ್ಲ.

"ಸತ್ತೋತು ಕಣಾ" ಎಂದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಚಳಿಯನ್ನು ಬೈದೆ, ಬೆಲ್ಲ ಕೊಟ್ಟ ಅಂಗಡಿಯವನನ್ನು ಬೈದೆ, ಏನೂ ಕಲಿಸದೆ ಹೋದ ಅಪ್ಪನನ್ನೂ ಬೈದೆ.

ಅಷ್ಟರಲ್ಲಿ ಹಬ್ಬಕ್ಕೆಂದು ತೀರ್ಥಹಳ್ಳಿಯಿಂದ ತಂಗಿ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೇಳಿದಳು:

"ಅಣ್ಣ, ಒಲೆಗೆ ಬೆಂಕಿ ಹಾಕಿಲ್ವಾ?"

"ಬೇಸಿಗೇಲೇ ಸೋಲಾರ್ ಹಾಕ್ಸಿದೀವಲ್ಲ. ಒಲೆ ಯಾಕೆ?"

"ಮತ್ತೆ ಮಡಕೆ ಇಲ್ಲಿ ಯಾಕಿಟ್ರಿ?"

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಮೂರು ಹೊತ್ತೂ ಉರಿಯುತ್ತಿದ್ದ ಒಲೆಯ ಕಾವಿಗೆಂದು ಹಿಂದಿನವರು ಆರಿಸಿದ್ದ ಮೂಲೆ ಅದು. ನಾವು ಒಲೆ ಆರಿಸಿ, ಮೂಲೆಯನ್ನು ಮಾತ್ರ ಭಕ್ತಿಯಿಂದ ಉಳಿಸಿಕೊಂಡಿದ್ದೆವು.

ಒಲೆ ಹಚ್ಚಿದೆವು. ನಾನು ಅವಸರಕ್ಕೆ ದೊಡ್ಡ ಸೌದೆ ಕುಂಟೆ ತುರುಕಿದರೆ ಅವ್ವ ಎಳೆದು ಹೊರಗಿಟ್ಟಳು. "ಬೇಯ್ಸೋದಲ್ಲ ಮಾರಾಯ, ಕಾವು ಕೊಡೋದು." ಮಡಕೆಗೆ ಕಂಬಳಿ ಸುತ್ತಿದಳು. ಆ ದಿನವೆಲ್ಲ ಏನೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಸೌದೆ ಇಡಲು ಬಗ್ಗಿದಾಗ ಕೇಳಿಸಿತು. ಮೊದಲು ಒಂದು ಗುಳ್ಳೆ ಒಡೆದ ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಅನ್ನ ಕುದಿಯಲು ಶುರುವಾದ ಹಾಗೆ ಒಂದೇ ಸಮನೆ. ಅದು ಸತ್ತಿರಲಿಲ್ಲ, ಚಳಿಗೆ ಮುದುಡಿ ಮಲಗಿತ್ತು. ಕಣ್ಣಿಗೆ ಕಾಣದ ಯಾವುದೋ ಜೀವ ಒಣಗಿದ ಹಿಟ್ಟಿನೊಳಗೆ ತಿಂಗಳುಗಟ್ಟಲೆ ಕಾದಿದ್ದು, ನೀರು ಸಿಕ್ಕಾಗ ಎದ್ದು, ಚಳಿಗೆ ಸುಮ್ಮನಾಗಿ, ಕಾವು ತಾಗಿದ್ದೇ ಮತ್ತೆ ಎದ್ದಿತ್ತು. ಇಷ್ಟು ವರ್ಷ ಬೋಜ ಕುಡಿದ ನಾನು ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಕೈಮುಗಿಯಬೇಕು ಅನ್ನಿಸಿತು, ಮುಗಿದೆ ಕೂಡ.

ಕೂಗಿ ಕರೆದೆ. ಅವ್ವ ಬಂದು ಕಂಬಳಿ ಸರಿಸಿ ಮಡಕೆಗೆ ಕಿವಿಯಿಟ್ಟವಳು ಏಳಲೇ ಇಲ್ಲ. ಅಪ್ಪ ಹೋದಾಗಲೂ ಅಳದವಳ ಕೆನ್ನೆ ಒದ್ದೆಯಾಗಿತ್ತು. ತಂಗಿ ಮೆಲ್ಲಗೆ ಅವಳ ಭುಜ ಮುಟ್ಟಿದಳು.

"ಏಳವ್ವಾ, ಅಡಿಗೆ ಕೆಲ್ಸ ಎಲ್ಲ ಹಂಗೇ ಇದೆ."

"ಸ್ವಲ್ಪ ತಡಿ" ಎಂದಳು ಅವ್ವ, ಕಿವಿ ತೆಗೆಯದೆ. "ನಿಮ್ಮಪ್ಪ ಮಾತಾಡ್ತಿದಾರೆ."

ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು.