ಮೇಲಿನ ಘಾಟಿನ ಹಗ್ಗ

ಮಳೆಗೆ ತೊಯ್ದ ತೆಂಗಿನ ನಾರಿನ ವಾಸನೆ ನನಗೆ ಆಗಿಬರುವುದಿಲ್ಲ. ಪುಣೆಯ ಬಿಬವೇವಾಡಿಯ ಈ ಮನೆಯ ಗ್ಯಾಲರಿಯಲ್ಲಿ, ಮೊಳೆಗೆ ಸುರುಳಿ ಸುತ್ತಿ ತೂಗುಹಾಕಿದ ಹಳೆಯ ಹಗ್ಗವೊಂದಿದೆ. ಬೇಸಿಗೆಯಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ. ಮೊದಲ ಮಳೆಯ ಇರಚಲು ಬಡಿದರೆ ಸಾಕು, ಮುಠಾ ನದಿಯ ಕೆಸರು, ಎಳ್ಳೆಣ್ಣೆ, ಗಂಡಸರ ಬೆವರು ಎಲ್ಲ ಕಲೆತ ಹಸಿ ವಾಸನೆ ಎದ್ದು ಒಳಮನೆಯವರೆಗೂ ಬರುತ್ತದೆ. ಸೊಸೆ ಕಿಟಕಿ ಮುಚ್ಚುತ್ತಾಳೆ. ನನ್ನ ಹಳೆಯ ಸಿಟ್ಟು ತಿರುಗಿ ಏಳುತ್ತದೆ. ಬಾಲ್ಯದ ನೆನಪೆಂದರೆ ಸಿಹಿ ಎನ್ನುವವರ ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಆಗಿರಲಿಕ್ಕಿಲ್ಲ. ಆಗಿದ್ದರೆ ನಿಮಗೂ ಗೊತ್ತಿರುತ್ತದೆ, ಹೋದ ಮನೆಗಾಗಿ ಅಳುವುದೂ ಆ ಮನೆಯವರನ್ನು ಬೈಯುವುದೂ ಒಟ್ಟಿಗೇ ಬರುತ್ತವೆ.

ನಮ್ಮ ಅಜ್ಜ ಧಾರವಾಡದಿಂದ ಕಾರಕೂನಿಕೆಗೆಂದು ಪುಣೆಗೆ ಬಂದವರು. ನದಿಗೆ ಹತ್ತಿರವೆಂದು ನಾರಾಯಣ ಪೇಠೆಯಲ್ಲಿ ವಾಡೆಯೆಂಬ ದೊಡ್ಡ ಹಳೆಮನೆಯೊಂದನ್ನು ಬಾಡಿಗೆಗೆ ಹಿಡಿದರು. ಬೆಳಿಗ್ಗೆ ಈಜದೆ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಒಂದು ಜ್ಯೇಷ್ಠದ ಕೊನೆಗೆ, ಆಷಾಢಿ ಯಾತ್ರೆಯ ಪಾಲಖಿ ಊರಲ್ಲಿ ತಂಗಿದ್ದಾಗ, ಸ್ನಾನಕ್ಕಿಳಿದ ವಾರಕರಿ ಹೆಂಗಸೊಬ್ಬಳು ಕಾಲುಜಾರಿ ಅವರ ಕಣ್ಣೆದುರೇ ಕೊಚ್ಚಿಹೋದಳು. ಅಜ್ಜ ಹಾರಿದರು, ಕೈಗೆ ಸೀರೆಯ ಸೆರಗು ಮಾತ್ರ ಸಿಕ್ಕಿತು. ಮರುವರ್ಷ ಅವರು ಕೊಂಕಣದಿಂದ ನಾರು ತರಿಸಿ, ನದಿಯ ಈ ದಂಡೆಯಿಂದ ನಡುಹೊಳೆ ದಾಟಿ ಹೋಗುವಷ್ಟು ಉದ್ದದ ಹಗ್ಗ ಹೊಸೆಸಿದರು. ಓಣಿಯ ತರುಣರನ್ನು ಕೂಡಿಸಿ, ಮಳೆಗಾಲವಿಡೀ ನಮ್ಮ ಓಣಿಯ ಮೇಲಿನ ಘಾಟಿನ ಮೆಟ್ಟಿಲ ಮೇಲೆ ಕಾವಲು ನಿಲ್ಲಿಸಿದರು. ಅಷ್ಟೇ ಆಗಿದ್ದರೆ ಪುಣ್ಯದ ಕೆಲಸವಾಗಿಯೇ ಉಳಿಯುತ್ತಿತ್ತು.

ಆದರೆ ನಮ್ಮ ತಂಡದ ಹೆಸರು ಬೆಳೆದದ್ದನ್ನು ನೋಡಲಾರದೆ ಕೆಳಗಿನ ಘಾಟಿನವರೂ ಒಂದು ತಂಡ ಕಟ್ಟಿದರು. ಜನ ಮುಳುಗುವುದನ್ನು ಕಾಯುತ್ತ ಕೂತು ಎರಡೂ ಕಡೆಯವರಿಗೆ ಬೇಸರ ಬಂದಿರಬೇಕು, ಪೈಪೋಟಿ ಶುರುವಾಯಿತು. ಶ್ರಾವಣದಲ್ಲಿ ನದಿ ತುಂಬಿದಾಗ ಒಂದು ತಂಡದವನು ನಡುಹೊಳೆಗೆ ಹೋಗಿ ಮುಳುಗುವವನ ಸೋಗು ಹಾಕಬೇಕು, ಎದುರು ತಂಡದವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿ ಅವನನ್ನು ಹಿಡಿಯಬೇಕು, ದಂಡೆಯ ಮೇಲಿನವರು ಇಬ್ಬರನ್ನೂ ಎಳೆದುಕೊಳ್ಳಬೇಕು, ಆಮೇಲೆ ಸರದಿ ಅದಲುಬದಲು. ಬೇಗ ಎಳೆದವರಿಗೆ ಬೆಳ್ಳಿಯ ತಗಡು ಬಡಿದ ಗುರಾಣಿ, ಢಾಲು, ಬಹುಮಾನ. ಮುಳುಗುವವನು ನಿಜವಾಗಿ ಮುಳುಗುವವನಂತೆಯೇ ಒದೆಯಬೇಕು, ಹಿಡಿಯಬಂದವನ ಕುತ್ತಿಗೆಗೆ ಜೋತುಬೀಳಬೇಕು. ಇಷ್ಟು ಅವಕಾಶ ಕೊಟ್ಟರೆ ಬಿಡುತ್ತಾರೆಯೇ? ಕೆಳಗಿನವರು ಮೈಗೆ ಔಡಲೆಣ್ಣೆ ಬಳಿದುಕೊಂಡು ಬಂದರು, ನಮ್ಮವರ ಕೈಗೆ ಜಾರಲಿ ಎಂದು. ಮರುವರ್ಷ ನಮ್ಮವನು ಅವರವನ ಕಿವಿ ಕಚ್ಚಿದ. ಗೆದ್ದವರು ಸೋತವರ ಓಣಿಯಲ್ಲೇ ಬಾಜಾ ಬಾರಿಸಿಕೊಂಡು ಹೋಗುತ್ತಿದ್ದರು, ಸೋತ ಮನೆಯ ಹೆಂಗಸರು ಮೇಲಿನಿಂದ ಮುಸುರೆ ನೀರು ಚೆಲ್ಲುತ್ತಿದ್ದರು. ನಮ್ಮ ಅವ್ವನ ಗುರಿ ತಪ್ಪುತ್ತಿರಲಿಲ್ಲ. ಜೀವ ಉಳಿಸುವ ಹೆಸರಿನಲ್ಲಿ ಅಷ್ಟು ಹಗೆ ಸಾಧಿಸಿದ ಜನರನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಒಂದೇ ಒಂದು ದಿನ ಆ ಮನೆಯಲ್ಲಿ ಹಗೆ ಇರುತ್ತಿರಲಿಲ್ಲ. ನಾಗರ ಪಂಚಮಿಯಂದು ಅಜ್ಜ ಆ ಹಗ್ಗವನ್ನು ವಾಡೆಯ ನಡುಮನೆಯ ತೊಲೆಗೆ ಜೋಕಾಲಿಯಾಗಿ ಕಟ್ಟಿಸುತ್ತಿದ್ದರು. ಪೈಪೋಟಿಗೆ ಮುಂಚೆ ಹಗ್ಗದ ಗಟ್ಟಿತನ ನೋಡುವ ರೀತಿ ಅದು. ಮನೆಯ ಸೊಸೆಯಂದಿರು, ಓಣಿಯ ಮರಾಠಿ ಹುಡುಗಿಯರು, ಕೊನೆಗೆ ನಾನು, ಎಲ್ಲರೂ ಜೀಕಬೇಕು. ಹಗ್ಗ ಎಲ್ಲಿ ಕಿರುಗುಟ್ಟಿತೆಂದು ಅಜ್ಜ ಕಿವಿಗೊಟ್ಟು ಕೂತಿರುತ್ತಿದ್ದರು. ಕೈಯಲ್ಲಿ ಎಳ್ಳಿನ ಉಂಡಿ, ಕೆಳಗೆ ನೆಲ ಹಿಂದಕ್ಕೆ ಓಡುತ್ತಿದ್ದರೆ ಅವ್ವ ಮತ್ತು ಅಪ್ಪನ ತಮ್ಮನ ಹೆಂಡತಿ ಕಾಕು ಜೋಕಾಲಿಯ ಅದೇ ಮಣೆಯ ಮೇಲೆ ಎದುರುಬದುರು ನಿಂತು ನಗುತ್ತಿದ್ದರು. ಆ ನಗುವನ್ನು ಈಗಲೂ ಕೇಳಬೇಕೆನಿಸುತ್ತದೆ. ಅವತ್ತು ಮನೆಯಲ್ಲಿ ಹೆಚ್ಚುವಂತಿಲ್ಲ, ಕಡಿಯುವಂತಿಲ್ಲ. ಈಳಿಗೆಯನ್ನೂ ಕೊಡಲಿಯನ್ನೂ ಅಜ್ಜಿ ಮುನ್ನಾದಿನವೇ ಎತ್ತಿಡುತ್ತಿದ್ದಳು.

ಅಜ್ಜ ಹೋದ ಮೇಲೆ ತಂಡದ ಹಿರೇತನ ಹಿರಿಯ ಮಗನೆಂದು ಅಪ್ಪನಿಗೆ ಬಂತು. ಕಾಕಾ, ಅಪ್ಪನ ತಮ್ಮ, ಅಪ್ಪನಿಗಿಂತ ಒಳ್ಳೆಯ ಈಜುಗಾರರು. ಮುಳುಗುವವನ ಸೋಗು ಹಾಕುವುದರಲ್ಲಂತೂ ಊರಲ್ಲೇ ಅವರಿಗೆ ಜೋಡಿ ಇರಲಿಲ್ಲ. "ಅಣ್ಣಾ, ಸತ್ತೆನಪೋ" ಎಂದು ಅವರು ನಡುಹೊಳೆಯಲ್ಲಿ ಚೀರಿದರೆ ಮೆಟ್ಟಿಲ ಮೇಲಿನ ಹೆಂಗಸರು ನಿಜವಾಗಿ ಅಳುತ್ತಿದ್ದರು. ಹಿರೇತನ ತಮಗೆ ಬರಬೇಕಿತ್ತೆಂಬ ಹೊಟ್ಟೆಕಿಚ್ಚಿನಲ್ಲಿ ಅವರು ಕೆಳಗಿನ ಘಾಟಿಗೆ ಹೋಗಿ ಸೇರಿದರು. ವಾಡೆ ಮಾತ್ರ ಬಿಡಲಿಲ್ಲ. ಅಡುಗೆಮನೆಯ ನಡುವೆ ಗೋಡೆ ಎದ್ದಿತು. ಕಾಕು ನನ್ನ ತಲೆ ಬಾಚುವುದನ್ನು ಬಿಟ್ಟರು, ಅವ್ವ ಅವರ ಒಗ್ಗರಣೆಯ ವಾಸನೆಗೆ ಮೂಗು ಮುಚ್ಚಿಕೊಳ್ಳತೊಡಗಿದಳು. ಕಾಕಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಲಂಗೋಟಿ ಬಿಗಿದು, ಗಂಟಲು ಕೆರೆದು ಉಗುಳಿ, ಕೆಳಗಿನ ಘಾಟಿಗೆ ಹೋಗುತ್ತಿದ್ದರು. ಅಪ್ಪ ಕೇಳಿಸದವರಂತೆ ಹಗ್ಗಕ್ಕೆ ಎಣ್ಣೆ ತಿಕ್ಕುತ್ತಿದ್ದರು.

ನಾನು ಹೇಳಬೇಕೆಂದಿದ್ದ ಶ್ರಾವಣ ಬಂದಾಗ ನಾವು ಎರಡು ವರ್ಷ ಗೆದ್ದಾಗಿತ್ತು. ಮೂರನೆಯ ಸಲವೂ ಗೆದ್ದರೆ ಢಾಲು ಕಾಯಂ ನಮ್ಮದು. ಕೆಳಗಿನವರ ಕಡೆಯಿಂದ ಮುಳುಗಲು ಬಂದವರು ಕಾಕಾ. ನಮ್ಮ ಕಡೆಯಿಂದ ಹಾರಿದವನು ದತ್ತು ಎಂಬ ಹಾಲಿನವರ ತರುಣ. ದಂಡೆಯಲ್ಲಿ ಹಗ್ಗ ಹಿಡಿದವರು ಅಪ್ಪ. ಹಗ್ಗ ಹಿಡಿದ ಹಿರಿಯ ನೀರಿಗಿಳಿದರೆ ತಂಡ ಸೋತಂತೆ, ಅದು ಕಟ್ಟಳೆ. ಕಾಕಾ ಎಂದಿನಂತೆ ಚೀರಿದರು, ಕೈ ಬಡಿದರು, ಜನ ಚಪ್ಪಾಳೆ ತಟ್ಟಿದರು. ಅವರ ಒದೆತದ ಪರಿಚಯವಿದ್ದ ದತ್ತು, ಸುಸ್ತಾಗಲಿ ಎಂದು ಸ್ವಲ್ಪ ದೂರದಲ್ಲೇ ನಿಂತು ಈಜುತ್ತಿದ್ದ. ಆಮೇಲೆ ಕಾಕಾ ಚೀರುವುದನ್ನು ನಿಲ್ಲಿಸಿದರು. ಮುಖ ಮೇಲಕ್ಕಾಗಿ, ಬಾಯಿ ನೀರಿನ ಮಟ್ಟದಲ್ಲಿ ತೆರೆದುಕೊಂಡು, ಮತ್ತೆ ಕಾಣದಾಯಿತು. ಚಪ್ಪಾಳೆ ಇನ್ನೂ ಜೋರಾಯಿತು. ಅಷ್ಟು ಒಳ್ಳೆಯ ಸೋಗನ್ನು ಯಾರೂ ನೋಡಿರಲಿಲ್ಲ.

ಅಪ್ಪ ಪಕ್ಕದವನ ಕೈಗೆ ಹಗ್ಗ ತುರುಕಿ, ಅಂಗಿ ಸಮೇತ ಹಾರಿದರು. ನಿಜವಾಗಿ ಮುಳುಗುವವನು ಚೀರುವುದಿಲ್ಲ, ಅವನ ಬಾಯಲ್ಲಿ ನೀರಿರುತ್ತದೆ ಎಂದು ಅಜ್ಜ ಇಬ್ಬರಿಗೂ ಕಲಿಸಿದ್ದರು. ಜನ ಹೋ ಎಂದು ಕೂಗಿದರು. ಅಪ್ಪ ತಮ್ಮನ ಜುಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ದತ್ತುವಿನ ಹಗ್ಗಕ್ಕೆ ಜೋತುಬಿದ್ದರು. ಮೂವರನ್ನೂ ಎಳೆದುಕೊಂಡರು. ಕಾಕಾ ಮೆಟ್ಟಿಲ ಮೇಲೆ ಬೋರಲು ಬಿದ್ದು ನೀರು ಕಾರಿದರು. ಅವರ ಬಲಗಾಲಿನ ಮೀನಖಂಡ ಗಂಟುಕಟ್ಟಿ ನಿಂತಿದ್ದನ್ನು ಪಕ್ಕದಲ್ಲೇ ನಿಂತು ನಾನು ನೋಡಿದೆ.

ನಿಜವಾದ ಅಪಾಯವಾದರೆ ಆಟ ರದ್ದು ಮಾಡಿ ಇನ್ನೊಮ್ಮೆ ಆಡಿಸಬೇಕು, ಅದೂ ಕಟ್ಟಳೆಯೇ. ಪಂಚರು ಬಂದು ಕಾಕಾನನ್ನು ಕೇಳಿದರು. ಕಾಕಾ ಬಾಯಿ ಒರೆಸಿಕೊಂಡು, ಮೊದಲು ಮರಾಠಿಯಲ್ಲಿ ಅವರಿಗೆ, ಆಮೇಲೆ ನಮಗೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳಿದರು:

"ನಾ ಸೋಗ ಮಾಡಾಕತ್ತಿದ್ದೆ. ಇವಗ ಯಾರು ಕರದಿದ್ರು?"

ಢಾಲು ಕೆಳಗಿನ ಘಾಟಿಗೆ ಹೋಯಿತು. ಸೋಲು ಕಂಡು ಆಟ ಕೆಡಿಸಿದನೆಂದು ಅವರು ಅಪ್ಪನನ್ನು ಹಂಗಿಸಿದರೆ, ತಮ್ಮನಿಗೆ ಢಾಲು ದಾನ ಮಾಡಿದನೆಂದು ನಮ್ಮವರೇ ಹಿರೇತನ ಕಿತ್ತುಕೊಂಡರು. ಓಣಿಯಲ್ಲಿ ಅಪ್ಪ ಹಾದುಹೋದರೆ ಹಿಂದಿನಿಂದ ಯಾರಾದರೂ "ಅಣ್ಣಾ, ಸತ್ತೆನಪೋ" ಎನ್ನುತ್ತಿದ್ದರು. ಢಾಲಿನ ಚಿಂತೆ ಅಪ್ಪನಿಗೆ ಬೇಗ ಬಿಟ್ಟುಹೋಯಿತು. ಅವರಿಗೆ ಬೇಕಾದದ್ದು ತಮ್ಮನ ಬಾಯಿಂದ ನಾಲ್ಕು ಜನರೆದುರು ಒಂದು ಮಾತು, ಹೌದು, ಮುಳುಗಿದ್ದೆ ಎಂದು. ಗೋಡೆಯ ಆಚೆ ಕಾಕಾ ಕೆಮ್ಮಿದರೂ ಅಪ್ಪ ತುತ್ತು ನಿಲ್ಲಿಸಿ ಕೇಳುತ್ತಿದ್ದರು. ಕಾಕಾ ಆಮೇಲೆ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಶ್ರಾವಣದಲ್ಲಿ ನಮ್ಮ ಮನೆ ಪಾಲಾಯಿತು. ಪಾಲು ಮಾಡಿಸುವ ಹಿರಿಯರಿಗೆ ಬಿಡುವಾದದ್ದು ಪಂಚಮಿಯ ದಿನವೇ. ಪಾತ್ರೆ, ಹಂಡೆ, ತೊಟ್ಟಿಲು ಎಲ್ಲ ಹಂಚಿಯಾದ ಮೇಲೆ, ಹಗ್ಗವೂ ಅಜ್ಜನದೇ ಅಲ್ಲವೇ, ಅರ್ಧ ತಮಗೂ ಬರಬೇಕು ಎಂದರು ಕಾಕಾ. ಅದು ಬರೀ ಅಪ್ಪನ ಹೊಟ್ಟೆ ಉರಿಸುವುದಕ್ಕೆ. ಜೋಕಾಲಿಗೆಂದು ತೊಲೆಯ ಕೆಳಗೆ ಇಳಿಸಿಟ್ಟಿದ್ದ ಹಗ್ಗವನ್ನು ಅಪ್ಪ ನೆಲಕ್ಕೆ ಹಾಸಿದರು. ಒಳಗೆ ಹೋಗಿ ಕೊಡಲಿ ಹುಡುಕಿ ತಂದರು.

"ಇವತ್ತ ಪಂಚಮಿ ಅದರೀ," ಎಂದಳು ಅವ್ವ. "ಮನ್ಯಾಗ ಒಂದ ಬದನೀಕಾಯಿ ಸುದ್ದಾ ಹೆಚ್ಚಿಲ್ಲ ನಾನು."

ಕೊಡಲಿ ನೋಡಿದ ಮೇಲೆ ಕಾಕಾನ ಮುಖ ಬಿಳಿಚಿತು. ಎಷ್ಟೋ ವರ್ಷಗಳ ಮೇಲೆ ಅವರು ಅಪ್ಪನನ್ನು ಅಣ್ಣಾ ಎಂದು ಕರೆದದ್ದು ಅವತ್ತು. "ಅಣ್ಣಾ, ಕಡೀಬ್ಯಾಡ. ಇಡೀ ನೀನ ಇಟ್ಕೊ. ಅರ್ಧಾ ಮಾಡಿದ್ರ ದಂಡೀಗೆ ಮುಟ್ಟೂದಿಲ್ಲ."

"ನೀ ಮುಳುಗೇ ಇರಲಿಲ್ಲಲ್ಲ," ಎಂದರು ಅಪ್ಪ. "ನಿನಗ್ಯಾಕ ದಂಡಿ ಚಿಂತಿ? ಹಿರ್ಯಾರು ಕೂತಾರ. ಮುಳುಗಿದ್ದೆ ಅಂತ ಒಂದ ಮಾತ ಅನ್ನು, ಹಗ್ಗ ಮುಟ್ಟೂದಿಲ್ಲ ನಾ."

ಅಪ್ಪ ಕಾದರು. ಹೊರಗೆ ಹುಡುಗರು ಝೆಂಡಾ ಹಿಡಿದು ಕೂಗುತ್ತ ಹೋದದ್ದು ಕೇಳಿಸಿತು. ಅಪ್ಪ ಕೊಡಲಿ ಎತ್ತಿದರು. ನಾರು ಹಳೆಯದಾದರೂ ಒಂದೇ ಏಟಿಗೆ ತುಂಡಾಗಲಿಲ್ಲ, ಕೆಳಗಿನ ಹಾಸುಗಲ್ಲು ಕಿಡಿ ಹಾರಿಸಿತು. ಕಾಕಾ ತಮ್ಮ ಅರ್ಧವನ್ನು ಹೆಗಲಿಗೆ ಸುತ್ತಿಕೊಂಡು, ಕಾಕುವಿನ ತವರಾದ ಸಾಸವಡಕ್ಕೆ ಹೋದರು. ಆ ಮೇಲೆ ನಾವು ಅವರನ್ನು ನೋಡಲಿಲ್ಲ. ಘಾಟಿನ ತಂಡಗಳೂ ಚದುರಿದವು, ವಾಡೆಯನ್ನು ಮಾಲೀಕರು ಕೆಡವಿಸಿದರು.

ಅಪ್ಪ ತೀರಿಕೊಂಡಾಗ ಮಾತಾಡಿಸಲು ಕಾಕು ಒಬ್ಬರೇ ಬಂದರು. ಕಾಕಾ ಹಿಂದಿನ ವರ್ಷವೇ ಹೋಗಿದ್ದರಂತೆ. ಚೀಲದಿಂದ ಹಗ್ಗ ತೆಗೆದು ನನ್ನ ಮುಂದಿಟ್ಟರು.

"ಪ್ರತಿ ಪಂಚಮಿಗೆ ಜೋಕಾಲಿ ಕಟ್ಟಿ, ಕೂಡಿದ ಹುಡುಗೂರಿಗೆಲ್ಲಾ ಹೇಳ್ತಿದ್ರವ್ವಾ," ಎಂದರು. "ನಾ ಒಮ್ಮೆ ಮುಳುಗಿದ್ದೆ, ನಮ್ಮಣ್ಣ ಇದ ಹಗ್ಗಕ್ಕ ಜೋತುಬಿದ್ದು ನನ್ನ ತಗದಾ ಅಂತ. ಊರಿಗೆಲ್ಲಾ ಗೊತ್ತದ."

"ಅಪ್ಪಗ್ಯಾಕ ಹೇಳಲಿಲ್ಲ, ಕಾಕು?"

"ಸಾಸವಡದಾಗ ಹೇಳೂದು ಹಗರ ಇತ್ತು. ಅಲ್ಲೆ ಇವರಿಗೆ ಯಾರೂ ಎದುರಿಗೆ ಇರಲಿಲ್ಲಲ್ಲ."

ಎರಡನ್ನೂ ಗಂಟುಹಾಕಿ ಇಟ್ಟುಕೋ ಎಂದರು ಕಾಕು. ನನಗೆ ಬೇಡ ಎಂದೆ. ಅದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ. ಬೆಟ್ಟದಾಚೆಯ ಊರಿನ ಮಕ್ಕಳಿಗೆಲ್ಲ ಮುಟ್ಟಿದ ಮಾತು ಆ ಬೆಟ್ಟದ ಒಂದು ಘಾಟು ದಾಟಿ ನಮ್ಮಪ್ಪನವರೆಗೆ ಬರಲಿಲ್ಲ. ಒಂದು ಮಾತಿಗಾಗಿ ಪಂಚಮಿಯ ದಿನ ಕೊಡಲಿ ಎತ್ತಿದ ಅಪ್ಪನ ಮೇಲೂ ಈಗೀಗ ನನಗೆ ಸಿಟ್ಟು ಬರುತ್ತದೆ. ಕಾಕು ಮೆಟ್ಟಿಲಿಳಿಯುವಾಗ ಚೀಲದ ಬಾಯಿಂದ ಹಗ್ಗದ ತುದಿ ಹೊರಗೆ ಜೋಲುತ್ತಿತ್ತು, ಬಿಚ್ಚಿಕೊಳ್ಳದಂತೆ ಅದಕ್ಕೆ ಯಾರೋ ದಾರ ಸುತ್ತಿ ಬಿಗಿದಿದ್ದರು. ನಮ್ಮ ಅರ್ಧದ ತುದಿಯನ್ನು ಅಪ್ಪ ಕಟ್ಟಲಿಲ್ಲ, ನಾನೂ ಕಟ್ಟಿಲ್ಲ. ಮಳೆ ಬಂದಾಗಲೆಲ್ಲ ಒಂದಿಷ್ಟು ನಾರು ಗ್ಯಾಲರಿಯಲ್ಲಿ ಉದುರಿರುತ್ತದೆ, ಸೊಸೆ ಗುಡಿಸಿ ಹಾಕುತ್ತಾಳೆ.