ಪಂದ್ಯಕ್ಕೊಂದು ಹಗುರ ದೋಣಿ

ಹಿನ್ನೀರು ತುಂಬಿದ ವರ್ಷ ಸಾಗರದ ನಮ್ಮ ಆಫೀಸಿಗೂ ಹೊಸನಗರದ ಆಫೀಸಿಗೂ ದೋಣಿ ಪಂದ್ಯ ನಿಗದಿಯಾಯಿತು. ಸೋತರೆ ನನ್ನನ್ನು ಜೋಗಕ್ಕೆ ವರ್ಗ ಮಾಡುವುದಾಗಿ ಸಾಹೇಬರು ನಗುನಗುತ್ತಲೇ ಹೇಳಿ, ದೋಣಿ ಮಾಡಿಸಲು ತೀರ್ಥಹಳ್ಳಿಗೆ ಕಳಿಸಿದರು.

ದೋಣಿ ಕಟ್ಟುವ ಮಂಜಾಚಾರ್ರು ಕೇಳಿದರು, "ಮಾವಿನ ಮರದ್ದಾ, ಹೆಬ್ಬಲಸಿಂದಾ?"

"ಯಾವುದು ಹಗುರವೋ ಅದು."

"ಎಷ್ಟು ಮೂಟೆ ಹೇರ್ತೀರಿ?"

"ಮೂಟೆ ಇಲ್ಲ."

"ದನ ದಾಟಿಸ್ತೀರಾ?"

"ಇಲ್ಲ. ನಾಲ್ಕು ಜನ ಆಚೆ ದಡ ಮುಟ್ಟಿ ಬೇಗ ವಾಪಸ್ ಬರಬೇಕು."

"ಆಚೆ ದಡದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಆಚಾರ್ರು ನನ್ನನ್ನು ಕನಿಕರದಿಂದ ನೋಡಿದರು. "ನಿಮಗೆ ಈಜು ಬರ್ತದಾ?"

"ಇಲ್ಲ."

"ಸರಿ ಬಿಡಿ, ಗೊತ್ತಾಯ್ತು."

ಅವರಿಗೆ ಏನು ಗೊತ್ತಾಯಿತೆಂದು ನನಗೆ ತಿಳಿಯಲಿಲ್ಲ.

ಲಾರಿಯಲ್ಲಿ ಬಂದ ದೋಣಿಯನ್ನು ಇಳಿಸಲು ಇಡೀ ಆಫೀಸೇ ಬೇಕಾಯಿತು. ದಪ್ಪ ಹಲಗೆ, ಅಗಲ ತಳ, ದನ ಕಟ್ಟಲು ಒಂದು ಗೂಟ. ಈಜು ಬರದವರಿಗೆ ಹಗುರ ದೋಣಿ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಆಚಾರ್ರು ಹೇಳಿ ಕಳಿಸಿದ್ದರು.

ಪಂದ್ಯದಲ್ಲಿ ಹೊಸನಗರದವರ ಹಗುರ ದೋಣಿ ನಡುನೀರಿನಲ್ಲಿ ಮಗುಚಿತು. ಅವರನ್ನೆಲ್ಲ ಎತ್ತಿ ನಮ್ಮ ದೋಣಿಗೆ ಹಾಕಿಕೊಂಡೆವು. ದಡ ಹತ್ತಿರವಾದಾಗ, ಮುಂದಿನ ತುದಿಯಲ್ಲಿ ಕೂತಿದ್ದ ಅವರ ಹೆಡ್ ಕ್ಲಾರ್ಕು ಎಲ್ಲರಿಗಿಂತ ಮೊದಲು ನೆಲಕ್ಕೆ ಹಾರಿ ಗೆದ್ದುಬಿಟ್ಟರು.

ಜೋಗ ಒಳ್ಳೆಯ ಊರು. ಅಲ್ಲಿನ ನೀರು ನೋಡಿದ ಯಾರೂ ದೋಣಿ ಪಂದ್ಯದ ಮಾತೆತ್ತುವುದಿಲ್ಲ.