ಟ್ರೈನಿಂಗ್ ಮುಗಿದ ಮೇಲೆ

ಬಿ.ಕಾಂ. ಮುಗಿಸಿ ಮೂರನೇ ವರ್ಷವೂ ನಾನು ಮನೆಯಲ್ಲೇ ಇದ್ದಾಗ ಇಟಲಿಯ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಳು. ಮಡಿಕೇರಿ ಹತ್ತಿರದ ಗಾಳಿಬೀಡಿನಲ್ಲಿ ನಮಗೆ ಸ್ವಲ್ಪ ಕಾಫಿ ತೋಟ ಇದೆ. ಮನೆಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಸಿ ಅವ್ವ ಹೋಂಸ್ಟೇ ನಡೆಸುತ್ತಾಳೆ. ಈ ಹುಡುಗಿ ಯೋಗ ಕಲಿಯಲೆಂದು ಮೈಸೂರಿಗೆ ಬಂದವಳು. ಅದು ಮುಗಿದ ಮೇಲೆ ನಾಲ್ಕು ದಿನ ಬೆಟ್ಟದ ಗಾಳಿ ಕುಡಿದು ಹೋಗುತ್ತೇನೆ ಅಂತ ನಮ್ಮಲ್ಲಿಗೆ ಬಂದು, ಕಾಫಿ ಹೂ ಬಿಡುವವರೆಗೂ ಉಳಿದಳು. ಇಷ್ಟು ದಿನ ಇರುವವಳಿಗೆ ದಿನದ ಬಾಡಿಗೆ ಹಾಕುವುದು ಸರಿಯಲ್ಲ ಅಂತ ಅವ್ವ ಅದನ್ನು ಕಡಿಮೆ ಮಾಡಿದಳು. ಅದಕ್ಕೆ ಅವಳು ಬೆಳಗಿನ ಹೊತ್ತು ನಮ್ಮ ಜೊತೆ ಅಂಗಳದಲ್ಲಿ ಕಾಫಿ ಒಣಗಿಸಲು ಕೈಜೋಡಿಸುತ್ತಿದ್ದಳು.

ಅಷ್ಟು ಹೊತ್ತಿಗೆ ನಾನು ಬ್ಯಾಂಕ್ ಪರೀಕ್ಷೆ, ಸರ್ಕಾರಿ ಪರೀಕ್ಷೆ ಎಲ್ಲ ಬರೆದು ಸಾಕಾಗಿದ್ದೆ. ಮಡಿಕೇರಿಯಲ್ಲಿ ನಿರುದ್ಯೋಗಿಗಳಿಗೆ ಅಂತ ನಡೆಸುವ ಉಚಿತ ತರಬೇತಿಗಳಿಗೂ ಹೋಗಿ ಬಂದಿದ್ದೆ. ಮೊದಲು ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವುದು, ಆಮೇಲೆ ಹೊಲಿಗೆ, ಆಮೇಲೆ ಬ್ಯೂಟಿ ಪಾರ್ಲರ್. ಪ್ರತಿ ಸಲವೂ ಕೊನೆಯ ದಿನ ಬ್ಯಾನರಿನ ಮುಂದೆ ನಿಂತು ಫೋಟೋ, ಯಾರಾದರೂ ದೊಡ್ಡವರ ಭಾಷಣ, ಕಾಫಿ, ಬೋಂಡಾ. ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಅವರು ಹೇಳುತ್ತಿದ್ದರು. ನಾವು ಚಪ್ಪಾಳೆ ತಟ್ಟಿ, ಸರ್ಟಿಫಿಕೇಟ್ ಹಿಡಿದುಕೊಂಡು ಬಸ್ಸಿಗೆ ಓಡುತ್ತಿದ್ದೆವು. ತರಬೇತಿ ಕೆಟ್ಟದಾಗಿತ್ತು ಅಂತ ಹೇಳಲಾರೆ. ಬ್ಲೌಸ್ ಹೊಲಿಯುವುದನ್ನು ನಾನು ಚೆನ್ನಾಗಿಯೇ ಕಲಿತೆ. ಆದರೆ ನಮ್ಮ ಊರಿನ ಆಸುಪಾಸಿನಲ್ಲಿ ಬ್ಲೌಸ್ ಹೊಲಿಯುವವರು ಹೊಲಿಸುವವರಿಗಿಂತ ಹೆಚ್ಚಾಗಿದ್ದರು.

ಒಂದು ದಿನ ಕಾಫಿ ಹರವುತ್ತಾ ನಾನು ಆ ಹುಡುಗಿಯನ್ನು, "ನಿಮಗೆ ರಜೆ ಎಷ್ಟು ದಿನ ಇದೆ?" ಅಂತ ಕೇಳಿದೆ. ಇಬ್ಬರ ಇಂಗ್ಲಿಷೂ ಹರಕು ಮುರುಕೇ. ಆದ್ದರಿಂದ ಮಾತು ಸುಲಭವಾಗಿ ಸಾಗುತ್ತಿತ್ತು.

"ರಜೆ ಅಲ್ಲ. ನನಗೆ ಕೆಲಸವೇ ಇಲ್ಲ," ಅಂದಳು.

ನಾನು ನಂಬಲಿಲ್ಲ. ವಿಮಾನ ಹತ್ತಿ ಇಷ್ಟು ದೂರ ಬಂದವಳು, ನಿರುದ್ಯೋಗಿ ಹೇಗಾಗುತ್ತಾಳೆ? ಅವಳಿಗೂ ನನ್ನ ಮುಖ ನೋಡಿ ಅದು ಗೊತ್ತಾಯಿತು. ಅಜ್ಜಿ ಸಾಯುವಾಗ ಬಿಟ್ಟುಹೋದ ಸ್ವಲ್ಪ ಹಣದಲ್ಲಿ ಬಂದಿದ್ದೇನೆ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು, ಅಂದಳು. ಅವಳು ಓದಿದ್ದು ಹಳೆಯ ಕಾಲದ ಊರುಗಳನ್ನು ಅಗೆದು ತೆಗೆಯುವ ಶಾಸ್ತ್ರ, ಅದರಲ್ಲಿ ಎಂ.ಎ. ಆಗಿತ್ತು. ಅವಳದು ದಕ್ಷಿಣ ಇಟಲಿಯ ಒಂದು ಸಣ್ಣ ಪಟ್ಟಣ. ಅವಳ ಜೊತೆ ಓದಿದವರಲ್ಲಿ ಕೆಲವರು ಉತ್ತರದ ಕಡೆಗೋ ಜರ್ಮನಿಗೋ ಹೋಗಿದ್ದರು, ಉಳಿದವರು ಅಪ್ಪ ಅಮ್ಮನ ಮನೆಯಲ್ಲೇ ಇದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅವ್ವನಿಗೆ ಇದನ್ನು ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ಅರೆಭಾಷೆ. ಅವ್ವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, "ಅಲ್ಲಿನೂ ಕೆಲ್ಸ ಇಲ್ಲೆನಾ?" ಅಂದಳು. ಆಮೇಲೆ ಆ ಹುಡುಗಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವತ್ತಿನಿಂದ ಅವಳು ಅವ್ವನ ಪಾಲಿಗೆ ಗೆಸ್ಟ್ ಆಗಿ ಉಳಿಯಲಿಲ್ಲ. ಕೋಣೆ ಗುಡಿಸು, ಕೋಳಿ ಗೂಡಿಗೆ ಹಾಕು ಅಂತ ನನಗೆ ಹೇಳಿದಂತೆಯೇ ಅವಳಿಗೂ ಹೇಳತೊಡಗಿದಳು.

ಮುಂದಿನ ದಿನಗಳಲ್ಲಿ ಅವಳು ಅಲ್ಲಿಯ ಕಥೆಯನ್ನು ಬಿಡಿಬಿಡಿಯಾಗಿ ಹೇಳಿದಳು. ಯುವಕರು ಕೆಲಸವಿಲ್ಲದೆ ಕೂತಿದ್ದಾರೆ ಅಂತ ಯುರೋಪಿನ ದೇಶಗಳೆಲ್ಲ ಸೇರಿ ಒಂದು ಯೋಜನೆ ಮಾಡಿದ್ದವಂತೆ. ಓದು ಮುಗಿಸಿದವರು ಹೋಗಿ ಹೆಸರು ಬರೆಸಿದರೆ ಕೆಲವೇ ತಿಂಗಳಲ್ಲಿ ಒಂದು ಕೆಲಸವನ್ನೋ ತರಬೇತಿಯನ್ನೋ ಕೊಡುತ್ತೇವೆ ಅನ್ನುವ ಮಾತು. ಅವಳೂ ಬರೆಸಿದಳು. ಎಷ್ಟೋ ಕಾಲದ ನಂತರ ಫೋನ್ ಬಂತು. ಸಮುದ್ರದ ಹತ್ತಿರದ ಒಂದು ಹೋಟೆಲಿನಲ್ಲಿ ಬಂದವರಿಗೆ ಕೋಣೆ ಕೊಡುವ ಕೌಂಟರ್‌ನಲ್ಲಿ ತರಬೇತಿ. ಭತ್ಯೆ ಕೊಡುವುದು ಸರ್ಕಾರ, ಕೆಲಸ ಮಾಡಿಸಿಕೊಳ್ಳುವುದು ಹೋಟೆಲಿನವರು. ಇವಳು ಮೈಮುರಿದು ದುಡಿದಳು. ತರಬೇತಿಯ ಅವಧಿ ಮುಗಿದ ದಿನ ಮ್ಯಾನೇಜರ್ ಕೈಕುಲುಕಿ ಕಳಿಸಿದ. ಮಾರನೇ ವಾರ ಅದೇ ಕೌಂಟರಿನಲ್ಲಿ ಅದೇ ಯೋಜನೆಯಲ್ಲಿ ಬಂದ ಇನ್ನೊಬ್ಬ ಹುಡುಗಿ ನಿಂತಿದ್ದಳು.

"ಹಾಗಾದರೆ ಆ ಯೋಜನೆಯೇ ಮೋಸ," ಅಂದೆ ನಾನು.

ಅವಳು ತಲೆಯಾಡಿಸಿದಳು. "ಅಲ್ಲ. ನನ್ನ ಚಿಕ್ಕಪ್ಪನ ಮಗನೂ ಅದರಲ್ಲೇ ಹೋದ. ಬ್ರೆಡ್ ಮಾಡುವ ಒಬ್ಬ ಮುದುಕನ ಬೇಕರಿಗೆ ಹಾಕಿದರು. ಮುದುಕನಿಗೆ ಬೆನ್ನು ನೋವು, ಮಕ್ಕಳು ಯಾರೂ ಆ ಕೆಲಸಕ್ಕೆ ಬರಲಿಲ್ಲ. ಇವನು ಈಗಲೂ ಅಲ್ಲೇ ಇದ್ದಾನೆ. ನನ್ನ ತಲೆಗೆ ಅವನದಕ್ಕಿಂತ ಜಾಸ್ತಿ ಓದು ಹತ್ತುತ್ತಿತ್ತು. ಆದರೆ ಅವನು ಹೋದ ಕಡೆ ಅವನು ನಿಜವಾಗಿ ಬೇಕಾಗಿದ್ದ. ನಾನು ಹೋದ ಕಡೆ ಬೇಕಾಗಿದ್ದದ್ದು ಯಾರೋ ಒಬ್ಬರು, ಅಷ್ಟೇ."

ಅಂಗಳದ ಕಾಫಿಯನ್ನು ಎಳೆದು ಹರವುತ್ತಾ ಅವಳೇ ಕೇಳಿದಳು. "ನೀನು ಹೊಲಿಗೆ ಕಲಿತೆಯಲ್ಲ, ಆಗ ನಿನಗೋಸ್ಕರ ಯಾರು ಕಾಯುತ್ತಿದ್ದರು?"

ಯಾರೂ ಕಾಯುತ್ತಿರಲಿಲ್ಲ. ಹಾಗೆಂದು ಹೇಳಿದೆ.

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದು, ತೋಟ ಪೂರ್ತಿ ಬೆಳ್ಳಗಾಗಿ, ಆ ವಾಸನೆಯಲ್ಲಿ ಎರಡು ದಿನ ಇದ್ದು ಅವಳು ಊರಿಗೆ ಹೋದಳು. ಅವ್ವ ಅವಳಿಗೆ ಒಂದು ಪೊಟ್ಟಣ ಕರಿಮೆಣಸು ಕಟ್ಟಿಕೊಟ್ಟಳು.

ಅದಾಗಿ ಸ್ವಲ್ಪ ದಿನಕ್ಕೆ ಪಾಲಿಬೆಟ್ಟದಲ್ಲಿರುವ ದೊಡ್ಡಮ್ಮನಿಗೆ ಹುಷಾರಿಲ್ಲ ಅಂತ ಸಹಾಯಕ್ಕೆ ಹೋದೆ. ದೊಡ್ಡಪ್ಪ ಅಲ್ಲಿಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೆಲಸ ಹಂಚುವುದು ಎಲ್ಲ ಅವರದೇ. ಒಂದು ಮಧ್ಯಾಹ್ನ ಅವರಿಗೆ ಊಟದ ಕ್ಯಾರಿಯರ್ ಕೊಡಲು ಸ್ಟೋರಿನ ಹತ್ತಿರ ಹೋದಾಗ, ಗೋಡೆಗೆ ಒರಗಿಸಿಟ್ಟ ಹುಲ್ಲು ಹೊಡೆಯುವ ಮೆಷಿನ್‌ಗಳ ಒಂದು ಸಾಲು ಕಂಡಿತು. ಹೆಗಲಿಗೆ ನೇತುಹಾಕಿಕೊಂಡು, ಉದ್ದದ ಕೋಲಿನ ತುದಿಯಲ್ಲಿ ಬ್ಲೇಡ್ ತಿರುಗುತ್ತದಲ್ಲ, ಅವು.

"ಇವೆಲ್ಲ ಹೊಸತಾ ದೊಡ್ಡಪ್ಪ?"

"ಹೊಸತಾ! ಎಲ್ಲ ಕೆಟ್ಟು ಬಿದ್ದವು," ಅಂದರು ದೊಡ್ಡಪ್ಪ. "ಲೈನ್ ಮನೆಗಳಲ್ಲಿ ಇದ್ದ ಆಳುಗಳ ಮಕ್ಕಳು ಯಾರೂ ಈಗ ಕತ್ತಿ ಹಿಡಿದು ಹುಲ್ಲು ಕೊಚ್ಚಲು ಬರುವುದಿಲ್ಲ. ಅದಕ್ಕೆ ಸಾಹುಕಾರರು ಮೆಷಿನ್ ತರಿಸಿದರು. ಇದನ್ನು ರಿಪೇರಿ ಮಾಡುವವ ಮಾತ್ರ ಸಿಗುವುದಿಲ್ಲ. ಗೋಣಿಕೊಪ್ಪಲಿನ ಅಂಗಡಿಗೆ ಕೊಟ್ಟರೆ ಹುಲ್ಲು ಸೊಂಟಕ್ಕೆ ಬಂದ ಮೇಲೆ ವಾಪಸ್ ಬರ್ತದೆ."

ಆ ರಾತ್ರಿ ಊಟ ಮಾಡುವಾಗ ನಾನು ಆ ರಿಪೇರಿಯನ್ನು ಎಲ್ಲಿ ಕಲಿಸುತ್ತಾರೆ ಅಂತ ಕೇಳಿದೆ. ದೊಡ್ಡಪ್ಪ ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿ, "ಅದನ್ನು ಯಾರೂ ಕಲಿಸುವುದಿಲ್ಲ ಮಗಳೇ. ಅಂಗಡಿಯಲ್ಲಿ ನಿಂತು ನೋಡಿ ಕಲಿಯೋದು," ಅಂದರು. ಮತ್ತೆ ಯೋಚಿಸಿ, "ಬೇಕಾದರೆ ಸೋಮವಾರ ನನ್ನ ಜೊತೆ ಬಾ," ಅಂದರು.

ಗೋಣಿಕೊಪ್ಪಲಿನ ಆ ಅಂಗಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಇತ್ತು. ಮುಂದೆ ಬಿಡಿಭಾಗದ ಕೌಂಟರ್, ಹಿಂದೆ ರಿಪೇರಿ. ಯಜಮಾನರು ಮಲಯಾಳಿ, ಐವತ್ತು ದಾಟಿದವರು. ಎಲ್ಲರೂ ಅವರನ್ನು ಇಕ್ಕ, ಅಂದರೆ ಅಣ್ಣ, ಅನ್ನುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಬ್ಬನೇ ಮೆಕ್ಯಾನಿಕ್. ದೊಡ್ಡಪ್ಪ ವಿಷಯ ಹೇಳಿದಾಗ ಇಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೋಳೆ, ಇದು ಗ್ರೀಸು, ಪೆಟ್ರೋಲು. ಡಿಗ್ರಿ ಮಾಡಿದವಳಿಗೆ ಯಾಕೆ ಇದು? ಬೇಕಾದ್ರೆ ಕೌಂಟರ್‌ನಲ್ಲಿ ಕೂತ್ಕೋ, ಬಿಲ್ ಹಾಕು."

ಮೋಳೆ ಅಂದರೆ ಮಲಯಾಳದಲ್ಲಿ ಮಗಳು. ನಾನು ಕೌಂಟರಿಗೆ ಒಪ್ಪಿಕೊಂಡೆ. ದೊಡ್ಡಮ್ಮನ ಮನೆಯಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಬಿಡಿಭಾಗ ಮಾರುತ್ತಾ ಅವುಗಳ ಹೆಸರು ಬಾಯಿಗೆ ಬಂತು. ಯಾವ ಭಾಗ ಪದೇ ಪದೇ ಹೋಗುತ್ತದೆ ಅಂತ ಗೊತ್ತಾಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಮೆಕ್ಯಾನಿಕ್ ಒಳ್ಳೆಯವನು. ಅವನಿಗೆ ಕನ್ನಡ ಅಷ್ಟಕ್ಕಷ್ಟೇ, ನನಗೆ ಮಲಯಾಳ ಬಾರದು. ತೋರಿಸಿ ತೋರಿಸಿ ಹೇಳಿಕೊಟ್ಟ. ಮೊದಮೊದಲು ತೊಳೆಯುವ ಕೆಲಸ ಮಾತ್ರ ಸಿಕ್ಕಿತು. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಊದುವುದು. ಉಗುರಿನ ಕಪ್ಪು ಹೋಗಲೇ ಇಲ್ಲ. ಊರಿಗೆ ಹೋದಾಗ ಅಪ್ಪ ನನ್ನ ಕೈ ನೋಡಿ ಎದ್ದು ತೋಟಕ್ಕೆ ಹೋದರು. ಅವ್ವ ಮಾತ್ರ, "ನೀ ನಂಗೆ ಎಂಥ ಹೇಳ್ದೆ? ಆಫೀಸ್ ಕೆಲ್ಸ ಅಂತ ಅಲ್ವಾ?" ಅಂತ ಗದರಿದಳು. ಅವಳು ನೆಂಟರಿಗೆಲ್ಲ ಆಗಲೇ ಹಾಗೆ ಹೇಳಿಬಿಟ್ಟಿದ್ದಳು.

ಆ ವರ್ಷ ಜೋರು ಮಳೆಯ ಕಕ್ಕಡ ತಿಂಗಳು ಕಳೆದು ಮಳೆ ಸ್ವಲ್ಪ ಬಿಟ್ಟು, ತೋಟಗಳಲ್ಲಿ ಹುಲ್ಲು ಏಳುವ ಹೊತ್ತಿಗೆ ಮೆಕ್ಯಾನಿಕ್‌ಗೆ ಗಲ್ಫ್‌ನಿಂದ ವೀಸಾ ಬಂತು. ಅವನು ಹೊರಟುಹೋದ. ಅಂಗಡಿಯ ಹಿಂದೆ ಮೆಷಿನ್‌ಗಳು ರಾಶಿ ಬಿದ್ದವು. ಇಕ್ಕ ಒಬ್ಬರೇ ಕೂತು ಬಿಚ್ಚುತ್ತಿದ್ದರು. ಅವರ ಕಣ್ಣಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಹಾಕಿದರೆ ಬೆವರಿಗೆ ಜಾರುತ್ತಿತ್ತು. ನಾನು ಕೇಳದೆಯೇ ಒಂದು ಮೆಷಿನ್ ಎಳೆದುಕೊಂಡು ಕೂತೆ. ಅವರು ನೋಡಿ, ಒಂದು ಸ್ಪ್ಯಾನರ್ ನನ್ನ ಕಡೆ ತಳ್ಳಿದರು.

ಮೊದಲನೆಯದು ಸರಿಹೋಯಿತು. ಎರಡನೆಯದರಲ್ಲಿ ನಾನು ತಪ್ಪಿದೆ. ಕ್ಲಚ್ಚಿನ ಸ್ಪ್ರಿಂಗ್ ಸರಿಯಾಗಿ ಕೂರಿಸದೆ ಕೊಟ್ಟಿದ್ದರಿಂದ ಮೆಷಿನ್ ಅದೇ ಸಂಜೆ ವಾಪಸ್ ಬಂತು. ತಂದವರು ಒಬ್ಬ ಪ್ಲಾಂಟರ್. ನಾನು ಮುಟ್ಟಿದ್ದು ಅಂತ ತಿಳಿದು ಅಂಗಡಿಯಲ್ಲೇ ಕೂಗಾಡಿದರು. "ನನ್ನ ಮೆಷಿನ್ ನೀವೇ ಮಾಡಬೇಕು ಇಕ್ಕ, ಈ ಹುಡುಗಿಯ ಕೈಗೆ ಕೊಡಬೇಡಿ."

ಇಕ್ಕ ಮೆಷಿನ್ ತೆಗೆದುಕೊಂಡು, "ಆಯ್ತು ಸಾರ್, ನಾಳೆ ಬನ್ನಿ," ಅಂದರು. ಅವರು ಹೋದ ಮೇಲೆ ಅದನ್ನು ನನ್ನ ಮುಂದೆಯೇ ಇಟ್ಟರು. "ನೀನೇ ಬಿಚ್ಚು. ಎಲ್ಲಿ ತಪ್ಪಿದ್ದು ನೋಡು. ನಾನು ಪಕ್ಕದಲ್ಲಿ ಇರ್ತೇನೆ." ನನಗೆ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಒರೆಸಿಕೊಂಡರೆ ಮುಖಕ್ಕೆಲ್ಲ ಗ್ರೀಸ್ ಆಗುತ್ತದೆ ಅಂತ ಹಾಗೇ ಬಿಟ್ಟೆ.

ಕೆಲಸದ ಜಾಗದಲ್ಲೇ ಕಲಿಯುವವರಿಗೆ ಸರ್ಕಾರ ಭತ್ಯೆ ಕೊಡುವ ಒಂದು ವ್ಯವಸ್ಥೆ ಇದೆ ಅಂತ ಆಮೇಲೆ ಗೊತ್ತಾಯಿತು. ಹೇಳಿದ್ದು ಮಡಿಕೇರಿಯ ತರಬೇತಿ ಕೇಂದ್ರದ ಮೇಡಂ. ನನಗೆ ಹೊಲಿಗೆ ಕಲಿಸಿದವರು ಅವರೇ. ಇಕ್ಕನಿಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ. "ಸರ್ಕಾರದವರು ಅಂಗಡಿಗೆ ಬಂದ್ರೆ ಬೇರೆ ಏನೇನೋ ಕೇಳ್ತಾರೆ ಮೋಳೆ," ಅಂದರು. ಮೇಡಂ ತಾವೇ ಗೋಣಿಕೊಪ್ಪಲಿಗೆ ಬಂದು, ಚಹಾ ಕುಡಿದು, ಇಕ್ಕನ ಹೆಂಡತಿಯ ಹತ್ತಿರವೂ ಮಾತಾಡಿ ಒಪ್ಪಿಸಿದರು. ಒಂದು ವರ್ಷ ನಾನು ಆ ಭತ್ಯೆಯಲ್ಲಿ ಕಲಿತೆ. ಮುಂದಿನ ಹುಲ್ಲಿನ ಸೀಸನ್‌ನಲ್ಲಿ ಆ ಪ್ಲಾಂಟರ್ ಮತ್ತೆ ಬಂದರು. ನನ್ನ ಹತ್ತಿರ ಮಾತಾಡಲಿಲ್ಲ, ಆದರೆ ಮೆಷಿನ್ ನನ್ನ ಮುಂದೆ ಇಟ್ಟು ಹೋದರು.

ಈಗ ನನ್ನದೇ ಒಂದು ಶೆಡ್ ಇದೆ. ಗಾಳಿಬೀಡಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಅಪ್ಪ ತಗಡು ಹಾಕಿಸಿಕೊಟ್ಟದ್ದು. ಹುಲ್ಲಿನ ಮೆಷಿನ್, ಔಷಧಿ ಹೊಡೆಯುವ ಪಂಪ್, ಮರದ ಕೊಂಬೆ ಕಪಾತು ಮಾಡುವ ಗರಗಸ ಎಲ್ಲ ಬರುತ್ತವೆ. ಮಳೆಗಾಲದ ಮೊದಲು ಮತ್ತು ಆಮೇಲೆ ಉಸಿರಾಡಲು ಪುರುಸೊತ್ತಿಲ್ಲ. ಪಿಕ್ಕಿಂಗ್ ಸಮಯದಲ್ಲಿ ಕೆಲಸ ಕಡಿಮೆ. ಆಗ ಶೆಡ್ ಮುಚ್ಚಿ ನಮ್ಮ ತೋಟದಲ್ಲೇ ಕಾಫಿ ಕೊಯ್ಯುತ್ತೇನೆ. ಹೊಲಿಗೆಯಲ್ಲಿ ನನ್ನ ಜೊತೆ ಇದ್ದವರಲ್ಲಿ ಒಬ್ಬಳು ಕುಶಾಲನಗರದಲ್ಲಿ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ, ಇಬ್ಬರಿಗೆ ಮದುವೆ ಆಯಿತು, ಒಬ್ಬಳು ಇನ್ನೂ ಪರೀಕ್ಷೆ ಬರೆಯುತ್ತಿದ್ದಾಳೆ. ಅವಳು ನನಗಿಂತ ಬುದ್ಧಿವಂತೆ.

ಇಟಲಿಯ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಅವಳಿಗೆ ಒಂದು ಮ್ಯೂಸಿಯಂನಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಿದೆ, ವರ್ಷ ವರ್ಷಕ್ಕೆ ಮುಂದುವರಿಸುವ ಕರಾರು. ಹೋದ ತಿಂಗಳು ಒಂದು ಭಾನುವಾರ ವಿಡಿಯೋ ಕಾಲ್ ಬಂತು. ಅವಳು ಅವರ ಆಲಿವ್ ತೋಟದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ, ಕೈಯಲ್ಲಿ ನಮ್ಮಲ್ಲಿ ಇರುವಂಥದ್ದೇ ಹುಲ್ಲಿನ ಮೆಷಿನ್. ದಾರ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲವಂತೆ. ನಾನು ಪ್ಲಗ್ ಬಿಚ್ಚಿಸಿದೆ, ಅದು ಪೆಟ್ರೋಲಿನಿಂದ ಒದ್ದೆಯಾಗಿತ್ತು. ಒರೆಸಿ, ಚೋಕ್ ತೆಗೆದು, ಪ್ಲಗ್ ಹಾಕದೆ ನಾಲ್ಕಾರು ಸಲ ದಾರ ಎಳೆಯಲು ಹೇಳಿದೆ. ಆಮೇಲೆ ಪ್ಲಗ್ ಹಾಕಿ ಎಳೆದಾಗ ಸ್ಟಾರ್ಟ್ ಆಯಿತು. ಮುದುಕರು ಜೋರಾಗಿ ಏನೋ ಹೇಳಿದರು.

"ಅಪ್ಪ ಕೇಳ್ತಿದ್ದಾರೆ, ನೀನು ಇಲ್ಲಿಗೆ ಬರ್ತೀಯಾ ಅಂತ," ಅಂದಳು ಅವಳು. "ನಮ್ಮ ಊರಲ್ಲಿ ಇದನ್ನು ರಿಪೇರಿ ಮಾಡುವವರು ಯಾರೂ ಇಲ್ಲ."

"ಅಷ್ಟೊಂದು ಜನ ಕೆಲಸ ಇಲ್ಲದೆ ಕೂತಿದ್ದಾರೆ ಅಂದೆಯಲ್ಲ, ಅವರಲ್ಲಿ ಒಬ್ಬರೂ ಇಲ್ಲವಾ?"

"ಇಲ್ಲ," ಅಂದಳು. ನಗಲಿಲ್ಲ. ಅವಳ ಹಿಂದೆ ಅವಳ ಅಪ್ಪ ಮೆಷಿನ್ ಹೆಗಲಿಗೆ ಹಾಕಿಕೊಂಡು ಮರಗಳ ನಡುವೆ ಹೋಗುತ್ತಿದ್ದರು. ಆ ಸದ್ದಿಗೆ ನಮ್ಮ ಮಾತು ಕೇಳಿಸದೆ ಹೋಯಿತು. ಮತ್ತೆ ಫೋನ್ ಮಾಡುತ್ತೇನೆ ಅಂತ ಕೈಸನ್ನೆ ಮಾಡಿ ಅವಳು ಫೋನ್ ಇಟ್ಟಳು.